ಕೀ ಸತ್ತರೆ ತಪ್ಪು ಸ್ವಿಚ್ಚಿನದೋ, ಸಾಕೆಟ್ಟಿನದೋ? ಹಾಟ್‌ಸ್ವಾಪ್ ಕೀಬೋರ್ಡಿನ ದೋಷ ಹುಡುಕುವ ಬಗೆ

ಮೆಕ್ಯಾನಿಕಲ್ ಕೀಬೋರ್ಡಿನಲ್ಲಿ ಒಂದು ಕೀ ಕೈಕೊಟ್ಟರೆ ತುಂಬಾ ಜನ ಎರಡರಲ್ಲಿ ಒಂದು ಮಾಡುತ್ತಾರೆ. ಆ ಕೀಯನ್ನು ಜೋರಾಗಿ ಗುದ್ದುತ್ತಾ ಹೇಗೋ ದಿನ ತಳ್ಳುತ್ತಾರೆ. ಇಲ್ಲವೇ ಹೊಸ ಕೀಬೋರ್ಡಿನ ಬೆಲೆ ನೋಡಲು ಶುರು ಮಾಡುತ್ತಾರೆ. ಪ್ರತಿ ಕೀಯ ಕೆಳಗಿರುವ ಸ್ವಿಚ್ಚನ್ನು ಒಳಗಿನ ಸರ್ಕ್ಯೂಟ್ ಬೋರ್ಡಿಗೆ ಬೆಸುಗೆ ಹಾಕಿದ್ದರೆ ಇದು ಅರ್ಥವಾಗುವ ಮಾತು. ಒಂದು ಸ್ವಿಚ್ ತೆಗೆಯಬೇಕಾದರೂ ಸೋಲ್ಡರಿಂಗ್ ಐರನ್ ಬೇಕು. ಆದರೆ ಹಾಟ್‌ಸ್ವಾಪ್ ಬೋರ್ಡಿನಲ್ಲಿ ಸ್ವಿಚ್ ಸಾಕೆಟ್ಟಿನೊಳಗೆ ಕೂತಿರುತ್ತದೆ. ಪುಲ್ಲರ್ (ಸ್ವಿಚ್ ಕೀಳುವ ಚಿಮಟದಂಥ ಸಾಧನ) ಹಾಕಿ ಎಳೆದರೆ ಬರುತ್ತದೆ, ನೇರವಾಗಿ ಒತ್ತಿದರೆ ಕೂರುತ್ತದೆ.

ಮಾರುವವರು ಇದನ್ನು ಸದ್ದು ಬದಲಿಸುವ, ಬಗೆಬಗೆಯ ಸ್ವಿಚ್ ಹಾಕಿ ನೋಡುವ ಅನುಕೂಲ ಅಂತ ಹೇಳುತ್ತಾರೆ. ಅದೂ ನಿಜವೇ. ಆದರೆ ಇದರ ದೊಡ್ಡ ಲಾಭ ನನಗೆ ಕಾಣುವುದು ರಿಪೇರಿಯಲ್ಲಿ. ಸ್ವಿಚ್ಚಿನ ಜಾಗ ಬದಲಿಸಲು ಬರುತ್ತದೆ ಅಂದಮೇಲೆ, ದೋಷ ಎಲ್ಲಿದೆ ಎಂದು ಯಾರು ಬೇಕಾದರೂ ಮನೆಯಲ್ಲೇ ಪತ್ತೆ ಹಚ್ಚಬಹುದು. ಎಲೆಕ್ಟ್ರಾನಿಕ್ಸ್ ಓದಿರಬೇಕಿಲ್ಲ. ಹೆಚ್ಚಿನ ಸಲ ಒಂದು ಪೈಸೆ ಖರ್ಚೂ ಇರುವುದಿಲ್ಲ. ಹಾಗಾಗಿ ಈ ಬರಹ ಪೂರ್ತಿ ಪತ್ತೆ ಹಚ್ಚುವುದರ ಬಗ್ಗೆ. ದೋಷ ಎಲ್ಲಿದೆ ಅಂತ ತಿಳಿದರೆ ರಿಪೇರಿ ತಾನಾಗಿ ಸುಲಭವಾಗುತ್ತದೆ.

ನೀವು ಒತ್ತಿದ್ದು ಪರದೆಗೆ ಹೋಗುವ ದಾರಿ

ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಮುಂದಿನದೆಲ್ಲ ಸಲೀಸು. ಸ್ವಿಚ್ಚಿನೊಳಗೆ ಎರಡು ಲೋಹದ ತಗಡುಗಳಿವೆ. ಕೀ ಒತ್ತಿದಾಗ ಅವು ಒಂದಕ್ಕೊಂದು ತಾಗುತ್ತವೆ. ಚೆರ್ರಿ ಎಂಎಕ್ಸ್ ಮಾದರಿಯ ಸಾಮಾನ್ಯ ಸ್ವಿಚ್ ಒಟ್ಟು 4 ಮಿ.ಮೀ. ಕೆಳಗಿಳಿಯುತ್ತದೆ, ಸುಮಾರು 2 ಮಿ.ಮೀ. ಇಳಿದಾಗಲೇ ತಗಡುಗಳು ತಾಗಿರುತ್ತವೆ. ಆ ಎರಡು ತಗಡುಗಳ ಬಾಲವೇ ಸ್ವಿಚ್ಚಿನ ಅಡಿಯಲ್ಲಿ ಕಾಣುವ ಎರಡು ಪಿನ್‌ಗಳು.

ಪಿನ್‌ಗಳು ಬೋರ್ಡಿನ ತೂತುಗಳ ಮೂಲಕ ಕೆಳಗಿನ ಸಾಕೆಟ್ಟಿಗೆ ಇಳಿಯುತ್ತವೆ. ಸಾಕೆಟ್ಟಿನೊಳಗಿನ ಸಣ್ಣ ಲೋಹದ ಹಿಡಿ ಅವನ್ನು ಕಚ್ಚಿಕೊಳ್ಳುತ್ತದೆ. ಸಾಕೆಟ್ಟನ್ನು ಬೋರ್ಡಿನ ಹಿಂಬದಿಗೆ ಎರಡು ತಾಮ್ರದ ಪ್ಯಾಡುಗಳ ಮೇಲೆ ಬೆಸೆದಿರುತ್ತಾರೆ. ಅಂದರೆ ಬೆಸುಗೆ ಇಲ್ಲ ಅನ್ನುವುದು ಸ್ವಿಚ್ಚಿನ ಮಟ್ಟಿಗೆ ಮಾತ್ರ. ಸಾಕೆಟ್ಟಿಗೆ ಬೆಸುಗೆ ಇದ್ದೇ ಇದೆ. ಈ ಮಾತು ಮುಂದೆ ಕೆಲಸಕ್ಕೆ ಬರುತ್ತದೆ.

ಒಂದು ಪ್ಯಾಡಿನಿಂದ ತಾಮ್ರದ ಗೆರೆ ನೇರವಾಗಿ ಅಕ್ಕಪಕ್ಕದ ಕೀಗಳ ಜೊತೆ ಕೂಡಿಕೊಳ್ಳುತ್ತದೆ. ಇನ್ನೊಂದು ಪ್ಯಾಡಿನ ಗೆರೆ, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಒಂದು ಪುಟ್ಟ ಡಯೋಡ್ ದಾಟಿ ಹೋಗುತ್ತದೆ. ಹೀಗೆ ಇಡೀ ಕೀಬೋರ್ಡ್ ಅಡ್ಡಸಾಲು ಮತ್ತು ಉದ್ದಸಾಲುಗಳ ಒಂದು ಬಲೆ (ಮ್ಯಾಟ್ರಿಕ್ಸ್). ಕಂಟ್ರೋಲರ್ ಚಿಪ್ ಈ ಸಾಲುಗಳನ್ನು ಒಂದಾದ ಮೇಲೆ ಒಂದರಂತೆ ಬಿಡದೆ ನೋಡುತ್ತಿರುತ್ತದೆ. ಎಲ್ಲಿ ಅಡ್ಡ, ಉದ್ದ ಕೂಡಿತೋ ಆ ಅಕ್ಷರವನ್ನು ಕಂಪ್ಯೂಟರಿಗೆ ಕಳಿಸುತ್ತದೆ.

ಮೊದಲು ಕಂಪ್ಯೂಟರಿನ ಕಡೆ ನೋಡಿ

ಕೀಕ್ಯಾಪ್ (ಕೀಯ ಮೇಲಿನ ಪ್ಲಾಸ್ಟಿಕ್ ಟೊಪ್ಪಿ) ಕೀಳುವ ಮೊದಲು ಒಂದೈದು ನಿಮಿಷ ಇಲ್ಲಿ ಕಳೆಯಿರಿ. ಕೀಬೋರ್ಡನ್ನು ಬೇರೆ ಕಂಪ್ಯೂಟರಿಗೆ ಸಿಕ್ಕಿಸಿ. ಅಲ್ಲಿ ಸರಿ ಇದ್ದರೆ ಕೀಬೋರ್ಡಿನದೇನೂ ತಪ್ಪಿಲ್ಲ.

ಎಲ್ಲ ಕೀಗಳೂ ನಿಧಾನವಾಗಿ, ತುಂಬಾ ಹೊತ್ತು ಒತ್ತಿದರೆ ಮಾತ್ರ ಬರುತ್ತಿವೆಯೇ? ವಿಂಡೋಸ್‌ನಲ್ಲಿ ಬಲಗಡೆಯ ಶಿಫ್ಟ್ ಕೀಯನ್ನು 8 ಸೆಕೆಂಡು ಒತ್ತಿಹಿಡಿದರೆ ಫಿಲ್ಟರ್ ಕೀಸ್ ಅನ್ನುವ ಸೌಲಭ್ಯ ಏಳುತ್ತದೆ. ಅದು ಚುರುಕಾಗಿ ಒತ್ತಿದ ಕೀಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಸೆಟ್ಟಿಂಗ್‌ನಲ್ಲಿ ಆರಿಸಿ ಬಿಡಿ. ವಿಂಡೋಸ್ ಕೀ ಒಂದೇ ಸತ್ತಿದ್ದರೆ ಗೇಮ್ ಆಡುವವರಿಗಾಗಿ ಇಟ್ಟ ಲಾಕ್ ಆನ್ ಆಗಿರುವ ಸಾಧ್ಯತೆ ಜಾಸ್ತಿ. ಯಾವ ಎರಡು ಕೀ ಒತ್ತಿದರೆ ಲಾಕ್ ಬಿಡುತ್ತದೆ ಅಂತ ಪೆಟ್ಟಿಗೆಯ ಜೊತೆ ಬಂದ ಚೀಟಿಯಲ್ಲಿ ಇರುತ್ತದೆ.

ವೈರ್‌ಲೆಸ್ ಬೋರ್ಡಾದರೆ ಕೇಬಲ್ ಸಿಕ್ಕಿಸಿಯೇ ಪರೀಕ್ಷೆ ಮಾಡಿ. ಯುಎಸ್‌ಬಿ 3.0 ಪೋರ್ಟಿನಿಂದ ಹೊರಡುವ ರೇಡಿಯೊ ಗದ್ದಲ 2.4 ಗಿಗಾಹರ್ಟ್ಸ್ ಪಟ್ಟಿಯ ಮೇಲೇ ಬೀಳುತ್ತದೆ. ಕೀಬೋರ್ಡಿನ ಸಂಕೇತ ಹಿಡಿಯುವ ಪುಟ್ಟ ಡಾಂಗಲ್ ಅಂಥ ಪೋರ್ಟಿನ ಪಕ್ಕದಲ್ಲಿದ್ದರೆ ಅಕ್ಷರಗಳು ತಪ್ಪಿಹೋಗುತ್ತವೆ, ಕೆಲವೊಮ್ಮೆ ಕೈ ಎತ್ತಿದ ಸುದ್ದಿಯೇ ಕಂಪ್ಯೂಟರಿಗೆ ಮುಟ್ಟದೆ ಒಂದೇ ಅಕ್ಷರ ಸಾಲುಗಟ್ಟಲೆ ಬರುತ್ತದೆ. ಸ್ವಿಚ್ಚಿಗೂ ಇದಕ್ಕೂ ಸಂಬಂಧವೇ ಇಲ್ಲ. ಡಾಂಗಲ್ಲನ್ನು ಒಂದು ಎಕ್ಸ್‌ಟೆನ್ಶನ್ ತಂತಿಯ ತುದಿಗೆ ಹಾಕಿ ಮೇಜಿನ ಮೇಲೆ ಇಟ್ಟರೆ ಸರಿಹೋಗುತ್ತದೆ.

ಇಡೀ ಬೋರ್ಡೇ ಸತ್ತಂತಿದ್ದರೆ ಕೇಬಲ್ ಬದಲಿಸಿ ನೋಡಿ. ಕೆಲವು ಬೋರ್ಡುಗಳಲ್ಲಿ ಟೈಪ್-ಸಿ ಕನೆಕ್ಟರಿಗೆ ಇರಬೇಕಾದ 5.1 ಕಿಲೋ ಓಮ್ ರೆಸಿಸ್ಟರ್‌ಗಳನ್ನು ಹಾಕಿರುವುದಿಲ್ಲ. ಅವು ಎರಡೂ ತುದಿ ಟೈಪ್-ಸಿ ಇರುವ ಕೇಬಲ್ಲಿನಲ್ಲಿ ಏಳುವುದೇ ಇಲ್ಲ. ಒಂದು ತುದಿ ಹಳೆಯ ಅಗಲ ಮೂತಿಯ ಟೈಪ್-ಎ ಇರುವ ಕೇಬಲ್ ಹಾಕಿದರೆ ತಕ್ಷಣ ಎದ್ದು ಕೂರುತ್ತವೆ.

ಕನ್ನಡದಲ್ಲಿ ಟೈಪ್ ಮಾಡುವವರಿಗೆ ಒಂದು ಮಾತು. ಪರೀಕ್ಷೆ ಮಾಡುವಾಗ ಭಾಷೆಯನ್ನು ಇಂಗ್ಲಿಷಿಗೆ ಬದಲಿಸಿಕೊಳ್ಳಿ. ಕನ್ನಡದ ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ಕೆಲವು ಕೀಗಳಿಗೆ ಅಕ್ಷರವನ್ನೇ ಕೊಟ್ಟಿಲ್ಲ, ಒತ್ತಿದರೆ ಏನೂ ಬರುವುದಿಲ್ಲ. ಅದನ್ನು ದೋಷ ಅಂದುಕೊಂಡು ಬೋರ್ಡ್ ಬಿಚ್ಚುವುದು ಬೇಡ. ಅಕ್ಷರದ ಬದಲು ಕೀಯ ಸ್ಥಾನವನ್ನೇ ತೋರಿಸುವ ಪರೀಕ್ಷೆ ಸಿಕ್ಕರೆ ಇನ್ನೂ ಒಳ್ಳೆಯದು. ಕ್ಯೂಎಂಕೆ ಅನ್ನುವ ಫರ್ಮ್‌ವೇರಿನ (ಕೀಬೋರ್ಡಿನ ಚಿಪ್ಪಿನೊಳಗೇ ಓಡುವ ತಂತ್ರಾಂಶ) ಹಲವು ಬೋರ್ಡುಗಳಿಗೆ ವಿಯಾ ಅನ್ನುವ ಆ್ಯಪ್‌ನಲ್ಲಿ ಮ್ಯಾಟ್ರಿಕ್ಸ್ ಪರೀಕ್ಷೆ ಇದೆ. ಕೀಮ್ಯಾಪ್ (ಯಾವ ಕೀಗೆ ಯಾವ ಅಕ್ಷರ ಅನ್ನುವ ಪಟ್ಟಿ) ಏನೇ ಇರಲಿ, ಸ್ವಿಚ್ ತಾಗಿತೋ ಇಲ್ಲವೋ ಅದು ತೋರಿಸುತ್ತದೆ. ಮ್ಯಾಟ್ರಿಕ್ಸ್ ಪರೀಕ್ಷೆಯಲ್ಲಿ ಕೀ ಬೆಳಗುತ್ತದೆ, ಆದರೆ ಅಕ್ಷರ ಬರುವುದಿಲ್ಲ ಅಂದರೆ ಯಾರೋ ಆ ಕೀಗೆ ಬೇರೆ ಕೆಲಸ ಹಚ್ಚಿದ್ದಾರೆ. ಕೀಮ್ಯಾಪ್ ತಿದ್ದಿದರೆ ಮುಗಿಯಿತು.

ಅದಲುಬದಲು

ಇಷ್ಟಾದರೂ ಒಂದು ಕೀ ಸುಮ್ನೆ ಕೂತಿದೆ ಅಂದರೆ ಈಗ ಬೋರ್ಡಿನ ಕಡೆಗೆ ಬನ್ನಿ. ಯುಎಸ್‌ಬಿ ಕಿತ್ತಿಡಿ. ಬ್ಯಾಟರಿ ಇರುವ ಬೋರ್ಡಾದರೆ ಅದನ್ನೂ ಆಫ್ ಮಾಡಿ. ಬರದ ಕೀಯ ಕ್ಯಾಪ್, ಅದರ ಪಕ್ಕದಲ್ಲಿ ಸರಿಯಾಗಿ ಕೆಲಸ ಮಾಡುವ ಒಂದು ಕೀಯ ಕ್ಯಾಪ್, ಎರಡನ್ನೂ ತೆಗೆಯಿರಿ. ಪುಲ್ಲರಿನ ಹಲ್ಲುಗಳನ್ನು ಸ್ವಿಚ್ಚಿನ ಮೇಲ್ಬದಿ ಮತ್ತು ಕೆಳಬದಿಯ ಕೊಕ್ಕೆಗಳಿಗೆ ಸಿಕ್ಕಿಸಿ, ಕೊಕ್ಕೆ ಒಳಗೆ ಹೋಗುವಂತೆ ಒತ್ತಿ ಹಿಡಿದು, ನೇರವಾಗಿ ಮೇಲಕ್ಕೆ ಎಳೆಯಿರಿ. ಪಕ್ಕಕ್ಕೆ ತಿರುಚಬೇಡಿ. ಆಮೇಲೆ ಎರಡು ಸ್ವಿಚ್ಚುಗಳ ಜಾಗ ಅದಲುಬದಲು ಮಾಡಿ.

ಬಲ್ಬ್ ಉರಿಯದಿದ್ದರೆ ಅದನ್ನು ಪಕ್ಕದ ಹೋಲ್ಡರಿಗೆ ಹಾಕಿ ನೋಡುತ್ತೇವಲ್ಲ, ಇದೂ ಅಷ್ಟೇ. ದೋಷ ಸ್ವಿಚ್ಚಿನ ಜೊತೆ ಹೊಸ ಜಾಗಕ್ಕೆ ಹೋಯಿತಾ, ಇಲ್ಲ ಹಳೆಯ ಜಾಗದಲ್ಲೇ ಉಳಿಯಿತಾ? ಈ ಒಂದು ಪ್ರಶ್ನೆಗೆ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೆ. ಉತ್ತರ ಸಿಗುವ ತನಕ ಹೊಸ ಸ್ವಿಚ್ ತರಿಸಬೇಡಿ, ಐರನ್ ಬಿಸಿಗೆ ಇಡಬೇಡಿ.

ಮೂರನೆಯ ಉತ್ತರವೂ ಇದೆ. ಅದಲುಬದಲು ಮಾಡಿದ ಮೇಲೆ ಎರಡೂ ಕೀ ಸರಿಯಾಗಿ ಬರಬಹುದು. ಆಗ ಸ್ವಿಚ್ ಸರಿಯಾಗಿ ಕೂತಿರಲಿಲ್ಲ, ಅಥವಾ ಪಿನ್ನಿನ ಮೇಲೆ ತೆಳುವಾಗಿ ಕಿಲುಬು ಕೂತಿತ್ತು ಅಂತ ಅರ್ಥ. ಕೀಳುವಾಗ, ಹಾಕುವಾಗ ಲೋಹ ಲೋಹಕ್ಕೆ ಉಜ್ಜಿ ತಾನೇ ಶುಚಿಯಾಗುತ್ತದೆ. ಮಳೆಗಾಲದಲ್ಲಿ ಮಂಗಳೂರು, ಉಡುಪಿ, ಮಲೆನಾಡಿನ ಕಡೆ ಕೀಬೋರ್ಡನ್ನು ತಿಂಗಳುಗಟ್ಟಲೆ ಬಳಸದೆ ಇಟ್ಟವರಿಗೆ ಹೀಗಾಗುವುದು ಹೆಚ್ಚು. ಅಲ್ಲಿನವರು ಬಳಸದ ಬೋರ್ಡನ್ನು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಗಾಳಿಯಾಡದ ಡಬ್ಬಿಯಲ್ಲಿಟ್ಟರೆ ಒಳ್ಳೆಯದು.

ದೋಷ ಸ್ವಿಚ್ಚಿನ ಜೊತೆ ಹೋದರೆ

ಸ್ವಿಚ್ಚನ್ನು ತಿರುಗಿಸಿ ಅಡಿ ನೋಡಿ. ಎರಡೂ ಪಿನ್ ನೇರವಾಗಿ ನಿಂತಿವೆಯೇ? ಹೊಸದಾಗಿ ಜೋಡಿಸಿದ ಅಥವಾ ಈಚೆಗೆ ಸ್ವಿಚ್ ಬದಲಿಸಿದ ಬೋರ್ಡಿನಲ್ಲಿ ಕೀ ಸತ್ತಿದೆ ಅಂದರೆ ನಾನು ಮೊದಲು ಅನುಮಾನಿಸುವುದು ಬಗ್ಗಿದ ಪಿನ್ನನ್ನೇ. ಪಿನ್ ತೀರಾ ತೆಳು. ಸ್ವಿಚ್ಚನ್ನು ಕೊಂಚ ಓರೆಯಾಗಿ ಒತ್ತಿದರೂ ಅದು ತೂತಿನ ಅಂಚಿಗೆ ಬಡಿದು ಮಡಚಿಕೊಳ್ಳುತ್ತದೆ. ಸ್ವಿಚ್ ಮಾತ್ರ ಟಕ್ ಅಂತ ತನ್ನನ್ನು ಹಿಡಿದಿಡುವ ಪ್ಲೇಟಿಗೆ ಕೂರುತ್ತದೆ. ಮೇಲಿನಿಂದ ನೋಡಿದರೆ ಪಕ್ಕದ್ದಕ್ಕೂ ಇದಕ್ಕೂ ಒಂದಿಷ್ಟೂ ವ್ಯತ್ಯಾಸ ಕಾಣುವುದಿಲ್ಲ. ಅಡಿಯಲ್ಲಿ ಪಿನ್ ಮಾತ್ರ ಸ್ವಿಚ್ಚಿನ ಹೊಟ್ಟೆಗೆ ಅಂಟಿಕೊಂಡು ಮಲಗಿರುತ್ತದೆ. ಇಂಥ ಸ್ವಿಚ್ಚುಗಳನ್ನು ಹಾಳಾಗಿದೆ ಅಂತ ಜನ ಎಸೆಯುವುದನ್ನು ನೋಡಿದರೆ ಬೇಸರವಾಗುತ್ತದೆ.

ಪೂರ್ತಿ ಮಡಚಿದ ಪಿನ್ ಕಣ್ಣಿಗೆ ಬೇಗ ಬೀಳುತ್ತದೆ. ಮೋಸ ಮಾಡುವುದು ಅರ್ಧ ಬಗ್ಗಿದ ಪಿನ್. ತುದಿ ಮಾತ್ರ ಒಂಚೂರು ವಾಲಿರುತ್ತದೆ. ಅದು ಸಾಕೆಟ್ಟಿನ ಹಿಡಿಯ ಅಂಚಿಗೆ ಸುಮ್ಮನೆ ತಾಗಿ ನಿಲ್ಲುತ್ತದೆ. ಹತ್ತು ಸಲ ಒತ್ತಿದರೆ ಎಂಟು ಸಲ ಬರುತ್ತದೆ, ಎರಡು ಸಲ ಇಲ್ಲ. ಪಕ್ಕದಲ್ಲಿ ಒಂದು ಸರಿಯಾದ ಸ್ವಿಚ್ ಇಟ್ಟು, ಬೆಳಕಿಗೆ ಹಿಡಿದು ಎರಡನ್ನೂ ಹೋಲಿಸಿದರೆ ಗೊತ್ತಾಗುತ್ತದೆ.

ನೇರ ಮಾಡುವುದು ಕಷ್ಟವಲ್ಲ. ಚಪ್ಪಟೆ ಮೂತಿಯ ಸಣ್ಣ ಇಕ್ಕಳ ಅಥವಾ ಗಟ್ಟಿಯಾದ ಚಿಮಟ ಸಾಕು. ಮೊದಲು ಪಿನ್ನಿನ ಬುಡ ಹಿಡಿದು ಎಬ್ಬಿಸಿ. ಆಮೇಲೆ ತುದಿಯವರೆಗೆ ಸವರಿದ ಹಾಗೆ ಎಳೆದು ನೇರ ಮಾಡಿ. ಒಂದೇ ಏಟಿಗೆ ಎಳೆಯಬೇಡಿ. ಅದೇ ಜಾಗದಲ್ಲಿ ಮತ್ತೆ ಮತ್ತೆ ಬಗ್ಗಿಸಿದರೆ ಲೋಹ ದಣಿದು ಮುರಿಯುತ್ತದೆ. ಮುರಿದ ತುಂಡು ಸಾಕೆಟ್ಟಿನಲ್ಲೇ ಉಳಿದರೆ ಚೂಪು ಚಿಮಟದಿಂದ ಮೇಲಿನಿಂದಲೇ ಹಿಡಿದು ತೆಗೆಯಿರಿ. ಮೇಲೆ ಇನ್ನೊಂದು ಸ್ವಿಚ್ ಒತ್ತಿ ಅದನ್ನು ಒಳಕ್ಕೆ ತಳ್ಳಬೇಡಿ.

ಪಿನ್ ನೆಟ್ಟಗಿದೆ, ಆದರೂ ದೋಷ ಸ್ವಿಚ್ಚಿನದೇ ಅಂದರೆ ಒಳಗಿನ ತಗಡುಗಳ ಕಡೆ ನೋಡಬೇಕು. ಇಲ್ಲಿ ಎರಡು ಬಗೆಯ ದೂರು ಬರುತ್ತದೆ. ಒಂದು, ಒತ್ತಿದರೂ ಬಾರದು. ಇನ್ನೊಂದು, ಒಂದು ಸಲ ಒತ್ತಿದರೆ ಎರಡು ಅಕ್ಷರ ಬರುತ್ತದೆ. ಎರಡನೆಯದನ್ನು ಚ್ಯಾಟರ್ ಅನ್ನುತ್ತಾರೆ. ಇನ್‌ಸ್ಕ್ರಿಪ್ಟ್‌ನಲ್ಲಿ ಬರೆಯುವವರಿಗೆ ಇದು ವಿಚಿತ್ರವಾಗಿ ಕಾಣುತ್ತದೆ. ಎಫ್ ಕೀಯಲ್ಲಿ ಇ ಕಾರದ ಗುಣಿತಚಿಹ್ನೆ ಇದೆ. ಅದು ಎರಡು ಸಲ ಬಿದ್ದರೆ ‘ಕಿ’ ಆದಮೇಲೆ ಚುಕ್ಕಿಗಳ ವೃತ್ತವೊಂದು ಬಂದು ಕೂರುತ್ತದೆ. ಫಾಂಟ್ ಕೆಟ್ಟಿದೆ, ತಂತ್ರಾಂಶ ಕೆಟ್ಟಿದೆ ಅಂತ ತಲೆ ಕೆಡಿಸಿಕೊಳ್ಳುತ್ತಾರೆ. ಇಂಗ್ಲಿಷಿಗೆ ಬದಲಿಸಿ ಅದೇ ಕೀ ಒತ್ತಿ ನೋಡಿ, ಎರಡು ಎಫ್ ಬಂದರೆ ಸ್ವಿಚ್ಚಿನದೇ ಕೆಲಸ.

ಚ್ಯಾಟರ್ ಯಾಕಾಗುತ್ತದೆ? ಲೋಹದ ತಗಡು ತಾಗುವಾಗ ಒಂದೇ ಸಲಕ್ಕೆ ತಾಗಿ ನಿಲ್ಲುವುದಿಲ್ಲ, ಕ್ಷಣಕಾಲ ಪುಟಿಯುತ್ತದೆ. ಒಳ್ಳೆಯ ಸ್ಥಿತಿಯಲ್ಲಿರುವ ಸ್ವಿಚ್ಚಿನಲ್ಲಿ ಈ ಪುಟಿತ 5 ಮಿಲಿಸೆಕೆಂಡಿನ ಒಳಗೆ ಮುಗಿಯುತ್ತದೆ. ಫರ್ಮ್‌ವೇರ್ ಅಷ್ಟು ಹೊತ್ತು ಕಾದು ಆಮೇಲೆ ಒಂದೇ ಒತ್ತು ಅಂತ ಲೆಕ್ಕ ಹಿಡಿಯುತ್ತದೆ. ಇದಕ್ಕೆ ಡಿಬೌನ್ಸ್ ಅನ್ನುತ್ತಾರೆ. ಕ್ಯೂಎಂಕೆಯಲ್ಲಿ ಮೊದಲೇ ಇಟ್ಟಿರುವ ಡಿಬೌನ್ಸ್ ಕೂಡ 5 ಮಿಲಿಸೆಕೆಂಡು. ತಗಡಿನ ಮೇಲೆ ದೂಳು ಕೂತರೆ, ಕಿಲುಬು ಹಿಡಿದರೆ, ಅಥವಾ ತಗಡು ಬಗ್ಗಿ ಬಿಗಿ ಕಳೆದುಕೊಂಡರೆ ಪುಟಿತ ಇನ್ನಷ್ಟು ಹೊತ್ತು ನಡೆಯುತ್ತದೆ. ಫರ್ಮ್‌ವೇರ್ ಅದನ್ನು ಎರಡನೇ ಒತ್ತು ಅಂದುಕೊಳ್ಳುತ್ತದೆ.

ಡಿಬೌನ್ಸನ್ನು 8 ಅಥವಾ 10ಕ್ಕೆ ಏರಿಸಿದರೆ ದೂರು ನಿಲ್ಲಬಹುದು. ಬರೆಯುವ ಕೆಲಸಕ್ಕೆ ಆ ತಡ ಗೊತ್ತೇ ಆಗುವುದಿಲ್ಲ. ಆದರೆ ಒಂದು ಸ್ವಿಚ್ಚಿಗಾಗಿ ಇಡೀ ಬೋರ್ಡನ್ನು ನಿಧಾನ ಮಾಡುವುದು ನನಗೆ ಸರಿ ಕಾಣುವುದಿಲ್ಲ, ಅದೂ ಸ್ವಿಚ್ ಕಿತ್ತು ಬದಲಿಸಬಹುದಾದ ಬೋರ್ಡಿನಲ್ಲಿ. ಡಿಬೌನ್ಸ್ ಏರಿಸುವುದು ಹೊಸ ಸ್ವಿಚ್ ಕೈಗೆ ಬರುವ ತನಕ ಸಾಕು.

ಶುಚಿ ಮಾಡಬೇಕೆಂದರೆ 99 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲ್ ತನ್ನಿ. ಸ್ವಿಚ್ಚನ್ನು ಬೋರ್ಡಿನಿಂದ ಹೊರಗೆ ತೆಗೆದು, ಕಾಂಡ (ಕ್ಯಾಪ್ ಕೂರುವ ಭಾಗ) ಒತ್ತಿಹಿಡಿದು ಒಳಗೆ ಎರಡು ಮೂರು ಹನಿ ಬಿಡಿ. ಇಪ್ಪತ್ತು ಮೂವತ್ತು ಸಲ ಒತ್ತಿ ಬಿಡಿ. ಪೂರ್ತಿ ಒಣಗಲು ಬಿಡಿ. ಬಾಗಿಲ ಕೀಲಿಗೆ ಹೊಡೆಯುವ ಎಣ್ಣೆ ಸ್ಪ್ರೇ ಬೇಡವೇ ಬೇಡ, ಅದು ಜಿಡ್ಡು ಬಿಟ್ಟು ದೂಳನ್ನು ಹಿಡಿದಿಡುತ್ತದೆ. ಸ್ವಿಚ್ಚಿಗೆ ತಾವೇ ಲ್ಯೂಬ್ ಹಚ್ಚಿದವರಿಗೂ ಇದೇ ಮಾತು. ಗ್ರೀಸು ತಗಡಿನ ತುದಿಗೆ ತಾಗಿದ್ದರೆ ಕೀ ಬಿಟ್ಟು ಬಿಟ್ಟು ಬರುತ್ತದೆ. ಬಿಚ್ಚಿ, ತಗಡನ್ನು ಆಲ್ಕೋಹಾಲಿನಲ್ಲಿ ಅದ್ದಿದ ಬ್ರಶ್ಶಿನಿಂದ ಮೆಲ್ಲಗೆ ತೊಳೆದರೆ ಸರಿಯಾಗುತ್ತದೆ.

ತಕ್ಷಣಕ್ಕೆ ಬೇರೆ ಸ್ವಿಚ್ ಇಲ್ಲವೇ? ನಿಮ್ಮ ಬೋರ್ಡಿನಲ್ಲೇ ಇದೆ. ಸ್ಕ್ರಾಲ್ ಲಾಕ್, ಪಾಜ್, ಬಲಗಡೆಯ ಕಂಟ್ರೋಲ್ ಎಷ್ಟು ಸಲ ಒತ್ತುತ್ತೀರಿ? ಅಲ್ಲಿನ ಸ್ವಿಚ್ ಇಲ್ಲಿಗೆ, ಇಲ್ಲಿಯದು ಅಲ್ಲಿಗೆ.

ದೋಷ ಜಾಗದಲ್ಲೇ ಉಳಿದರೆ

ಈಗ ಬೇಕಾಗುವುದು ಒಂದು ಲೋಹದ ಚಿಮಟ. ಸ್ವಿಚ್ ತೆಗೆದ ಖಾಲಿ ಜಾಗ ಬಿಟ್ಟು ಕೀಬೋರ್ಡನ್ನು ಕಂಪ್ಯೂಟರಿಗೆ ಸಿಕ್ಕಿಸಿ. ಈ ಪರೀಕ್ಷೆಗೆ ಮಾತ್ರ ಕರೆಂಟ್ ಬೇಕು. ಯುಎಸ್‌ಬಿಯ 5 ವೋಲ್ಟಿನಿಂದ ಕೈಗೆ ಏನೂ ಆಗುವುದಿಲ್ಲ, ಆದರೆ ಚಿಮಟ ಅಕ್ಕಪಕ್ಕಕ್ಕೆ, ಮುಖ್ಯವಾಗಿ ಯುಎಸ್‌ಬಿ ಕನೆಕ್ಟರಿನ ಕಡೆಗೆ ಜಾರದಂತೆ ನೋಡಿಕೊಳ್ಳಿ. ಚಿಮಟದ ಎರಡು ತುದಿಗಳನ್ನು ಪಿನ್ ಇಳಿಯುವ ಎರಡು ತೂತುಗಳಿಗೆ ಇಳಿಸಿ, ಒಳಗಿನ ಲೋಹಕ್ಕೆ ತಾಗಿಸಿ.

ಅಕ್ಷರ ಬಂತಾ? ಹಾಗಾದರೆ ಸಾಕೆಟ್ಟಿನಿಂದ ಕೆಳಗಿನದೆಲ್ಲ ಸರಿಯಿದೆ. ಸಾಕೆಟ್ಟಿನ ಹಿಡಿ ಸಡಿಲವಾಗಿದೆ, ಸ್ವಿಚ್ಚಿನ ಪಿನ್ನನ್ನು ಕಚ್ಚುತ್ತಿಲ್ಲ. ಕೈಲ್ ಮಾದರಿಯ ಸಾಕೆಟ್ಟುಗಳಿಗೆ ತಯಾರಕರು ಹೇಳುವ ಆಯಸ್ಸು ಸುಮಾರು 100 ಸಲ ಹಾಕಿ ತೆಗೆಯುವಷ್ಟು. ಮನೆಯಲ್ಲಿ ಬಳಸುವವರಿಗೆ ಅದು ಧಾರಾಳ. ಆದರೆ ದಪ್ಪ ಪಿನ್ನನ್ನು ಒತ್ತಾಯದಿಂದ ತುರುಕಿದ್ದರೆ, ಓರೆಯಾಗಿ ಎಳೆದಿದ್ದರೆ ಅದಕ್ಕೆ ಮೊದಲೇ ಸೋಲುತ್ತದೆ. ಸೂಜಿಯ ಮೊನೆಯಿಂದ ಹಿಡಿಯನ್ನು ಒಂಚೂರು ಒಳಕ್ಕೆ ತಂದರೆ ಕೆಲವೊಮ್ಮೆ ಮತ್ತೆ ಕಚ್ಚುತ್ತದೆ. ಬಾಳಿಕೆ ಬೇಕೆಂದರೆ ಸಾಕೆಟ್ಟನ್ನೇ ಬದಲಿಸಬೇಕು.

ಅಕ್ಷರ ಬರಲಿಲ್ಲವೇ? ಕೇಸ್ ಬಿಚ್ಚಿ ಬೋರ್ಡಿನ ಹಿಂಬದಿ ನೋಡಿ. ಪ್ರತಿ ಕೀಯ ಕೆಳಗೂ ಒಂದು ಪುಟ್ಟ ಪ್ಲಾಸ್ಟಿಕ್ ಸಾಕೆಟ್, ಅದರ ಎರಡೂ ತುದಿಗೆ ಲೋಹದ ರೆಕ್ಕೆ, ರೆಕ್ಕೆಯ ಸುತ್ತ ಬೆಸುಗೆ. ದೋಷ ಇರುವ ಸಾಕೆಟ್ಟನ್ನು ಉಗುರಿನಿಂದ ಮೆಲ್ಲಗೆ ಅಲ್ಲಾಡಿಸಿ. ಅಲುಗಾಡಿದರೆ ಕಾರಣ ಸಿಕ್ಕಿತು. ಅಲುಗಾಡದಿದ್ದರೆ ಚಿಮಟದಿಂದ ಎರಡು ರೆಕ್ಕೆಗಳನ್ನು ಜೋಡಿಸಿ ನೋಡಿ, ಆಮೇಲೆ ರೆಕ್ಕೆ ಬಿಟ್ಟು ಕೆಳಗಿನ ತಾಮ್ರದ ಪ್ಯಾಡುಗಳನ್ನು ಜೋಡಿಸಿ ನೋಡಿ. ರೆಕ್ಕೆಯಲ್ಲಿ ಬರುವುದಿಲ್ಲ, ಪ್ಯಾಡಿನಲ್ಲಿ ಬರುತ್ತದೆ ಅಂದರೆ ಬೆಸುಗೆ ಬಿರುಕು ಬಿಟ್ಟಿದೆ. ಎರಡರಲ್ಲೂ ಬರುವುದಿಲ್ಲ ಅಂದರೆ ಗೆರೆ ಅಥವಾ ಡಯೋಡ್ ಹೋಗಿದೆ.

ಸಾಕೆಟ್ ಏಳುವುದು ಯಾಕೆ ಅಂತ ಯೋಚಿಸಿದರೆ ಮುಂದೆ ಹಾಗಾಗದಂತೆ ತಡೆಯಬಹುದು. ಸಾಕೆಟ್ ಬೋರ್ಡಿನ ಹಿಂಬದಿಗಿದೆ. ನಾವು ಸ್ವಿಚ್ಚನ್ನು ಮುಂಬದಿಯಿಂದ ಒತ್ತುತ್ತೇವೆ. ಪಿನ್ ಸಲೀಸಾಗಿ ಇಳಿದರೆ ಸರಿ. ಬಿಗಿಯಾಗಿದ್ದರೆ ನಾವು ಹಾಕಿದ ಬಲವೆಲ್ಲ ಸಾಕೆಟ್ಟನ್ನು ಬೋರ್ಡಿನಿಂದ ದೂರಕ್ಕೆ ತಳ್ಳುತ್ತದೆ. ಅದನ್ನು ತಡೆದು ಹಿಡಿದಿರುವುದು ಆ ಎರಡು ಪ್ಯಾಡುಗಳ ಬೆಸುಗೆ ಮಾತ್ರ. ಬೆಸುಗೆ ಗಟ್ಟಿಯಿದ್ದರೆ ಪ್ಯಾಡೇ ಬೋರ್ಡಿನಿಂದ ಕಿತ್ತು ಬರುತ್ತದೆ. ಅದು ಇನ್ನೂ ಕೆಟ್ಟದ್ದು. ಅದಕ್ಕೇ ನಾನು ಎಲ್ಲರಿಗೂ ಹೇಳುವುದು: ಕೇಸ್ ಬಿಚ್ಚಿದ್ದಾಗ ಸ್ವಿಚ್ ಹಾಕುವುದಾದರೆ ಎಡಗೈ ಬೆರಳುಗಳು ಸಾಕೆಟ್ಟಿನ ಬೆನ್ನಿಗೆ ಇರಲಿ, ಬಲಗೈ ಹೆಬ್ಬೆರಳು ಸ್ವಿಚ್ಚನ್ನು ನೇರ ಒತ್ತಲಿ. ಗ್ಯಾಸ್ಕೆಟ್ ಮೌಂಟ್ (ಮೆತ್ತನೆಯ ಪಟ್ಟಿಗಳ ಮೇಲೆ ಕೂರಿಸಿದ) ಬೋರ್ಡುಗಳಲ್ಲಿ ಒತ್ತಿದಾಗ ಬೋರ್ಡೇ ಕೆಳಕ್ಕೆ ಬಗ್ಗುತ್ತದೆ. ಅಲ್ಲಿ ಬೆನ್ನಿಗೆ ಆಸರೆ ಕೊಡುವುದು ಇನ್ನೂ ಮುಖ್ಯ, ಇಲ್ಲದಿದ್ದರೆ ಪಿನ್ ಅರ್ಧವೇ ಇಳಿದಿರುತ್ತದೆ.

ಬೆಸುಗೆ ಬಿರುಕು ಬಿಟ್ಟಿದ್ದರೆ ರಿಪೇರಿ ಎರಡು ನಿಮಿಷದ ಕೆಲಸ. ಬೋರ್ಡಿನ ಕರೆಂಟ್ ಕಿತ್ತಿಡಿ, ಬ್ಯಾಟರಿ ಇದ್ದರೆ ಅದರ ಕನೆಕ್ಟರನ್ನೂ ಬಿಡಿಸಿ. ಐರನ್ 330 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಇರಲಿ. 63/37 ಸೀಸದ ಸೋಲ್ಡರ್ 183 ಡಿಗ್ರಿಗೇ ಕರಗುತ್ತದೆ, ಕಲಿಯುವವರಿಗೆ ಅದೇ ಸುಲಭ. ರೆಕ್ಕೆಗೂ ಪ್ಯಾಡಿಗೂ ಒಟ್ಟಿಗೆ ಬಿಸಿ ತಾಗುವಂತೆ ಇಟ್ಟು, ಸೋಲ್ಡರ್ ಚೆನ್ನಾಗಿ ಹರಿಯಲು ಸ್ವಲ್ಪ ಫ್ಲಕ್ಸ್ ಹಚ್ಚಿ, ಎರಡು ಮೂರು ಸೆಕೆಂಡಿನಲ್ಲಿ ಕೆಲಸ ಮುಗಿಸಿ. ಜಾಸ್ತಿ ಹೊತ್ತು ಇಟ್ಟರೆ ಸಾಕೆಟ್ಟಿನ ಪ್ಲಾಸ್ಟಿಕ್ ಮೆತ್ತಗಾಗುತ್ತದೆ. ಈ ಕೆಲಸ ಮಾಡುವಾಗ ಆ ಜಾಗದ ಸ್ವಿಚ್ಚನ್ನು ತೆಗೆದಿಡಿ. ಸೀಸದ ಸೋಲ್ಡರ್ ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ.

ಪ್ಯಾಡ್ ಕಿತ್ತು ಬಂದಿದ್ದರೂ ಬೋರ್ಡ್ ಸತ್ತಿಲ್ಲ. ಮಲ್ಟಿಮೀಟರನ್ನು ಬೀಪ್ ಹೊಡೆಯುವ ಕಂಟಿನ್ಯುಟಿಗೆ ಇಟ್ಟು ಪಕ್ಕದ ಸಾಕೆಟ್ಟುಗಳನ್ನು ಪರೀಕ್ಷಿಸಿ. ಒಂದು ಕಡೆಯ ರೆಕ್ಕೆಗಳೆಲ್ಲ ಒಂದೇ ಸಾಲಿನಲ್ಲಿ ಕೂಡಿರುತ್ತವೆ, ಬೀಪ್ ಬರುತ್ತದೆ. ಇನ್ನೊಂದು ಕಡೆಯ ರೆಕ್ಕೆ ತನ್ನದೇ ಡಯೋಡಿನ ಒಂದು ಕಾಲಿಗೆ ಮಾತ್ರ ಬೀಪ್ ಕೊಡುತ್ತದೆ. ಕಿತ್ತುಹೋದದ್ದು ಯಾವ ಕಡೆ ಅಂತ ನೋಡಿಕೊಂಡು, ಸಾಕೆಟ್ಟಿನ ರೆಕ್ಕೆಯಿಂದ ಪಕ್ಕದ ಕೀಯ ಅದೇ ಕಡೆಯ ರೆಕ್ಕೆಗೆ ಅಥವಾ ಡಯೋಡಿನ ಕಾಲಿಗೆ ತೆಳುವಾದ ಎನಾಮಲ್ ತಂತಿಯೊಂದನ್ನು ಬೆಸೆದರೆ ಕೀ ಮತ್ತೆ ಬದುಕುತ್ತದೆ. ಸಾಕೆಟ್ ಅಲುಗದಂತೆ ಅಂಚಿಗೆ ಒಂದು ಹನಿ ಎಪಾಕ್ಸಿ ಹಾಕಿ. ಎಪಾಕ್ಸಿ ತೂತಿನೊಳಗೆ ಹೋಗಬಾರದು.

ಡಯೋಡ್ ಅನುಮಾನವಿದ್ದರೆ ಕರೆಂಟ್ ಇಲ್ಲದೆ, ಮೀಟರನ್ನು ಡಯೋಡ್ ಗುರುತಿಗೆ ತಿರುಗಿಸಿ ಅಳೆಯಿರಿ. ಒಂದು ದಿಕ್ಕಿನಲ್ಲಿ 0.5ರಿಂದ 0.7 ವೋಲ್ಟ್ ತೋರಿಸಬೇಕು, ಇನ್ನೊಂದು ದಿಕ್ಕಿನಲ್ಲಿ ತೋರಿಸಬಾರದು. ಪಕ್ಕದ ಡಯೋಡಿನ ಜೊತೆ ಹೋಲಿಸಿದರೆ ಅನುಮಾನ ಉಳಿಯುವುದಿಲ್ಲ. ಕೀಬೋರ್ಡುಗಳಲ್ಲಿ ಹೆಚ್ಚಾಗಿ 1ಎನ್4148 ಜಾತಿಯ ಡಯೋಡ್ ಇರುತ್ತದೆ. ಬೆಂಗಳೂರಿನವರಿಗೆ ಎಸ್.ಪಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಸುಲಭವಾಗಿ ಸಿಗುತ್ತದೆ. ಹಾಕುವಾಗ ಗೆರೆ ಇರುವ ತುದಿ ಪಕ್ಕದ ಡಯೋಡುಗಳ ದಿಕ್ಕಿಗೇ ಇರಲಿ.

ಇಲ್ಲಿ ಒಂದು ಪ್ರಸಂಗ ಹೇಳಬೇಕು. ನಾನು ನೋಡಿದ ಒಂದು ಬೋರ್ಡಿನಲ್ಲಿ ಕೇಸ್ ಬಿಚ್ಚಿದರೆ ಎಲ್ಲ ಕೀಗಳೂ ಸರಿ, ಸ್ಕ್ರೂ ಬಿಗಿದರೆ ಮಧ್ಯದ ಒಂದು ಕೀ ಸಾಯುತ್ತಿತ್ತು. ಸ್ವಿಚ್ ಬದಲಿಸಿದರೂ ಅಷ್ಟೇ. ಬಿಚ್ಚಿದಾಗಲೆಲ್ಲ ಸರಿಯಾಗಿಬಿಡುವುದರಿಂದ ಹುಡುಕುವುದೇ ಕಷ್ಟವಾಗಿತ್ತು. ಕೇಸಿನ ತಳದ ಫೋಮ್ ತುಸು ದಪ್ಪಗಿತ್ತು. ಸ್ಕ್ರೂ ಬಿಗಿದಾಗ ಅದು ಬೋರ್ಡನ್ನು ಮೇಲಕ್ಕೆ ಒತ್ತಿ ಬಗ್ಗಿಸುತ್ತಿತ್ತು, ಬಿರುಕು ಬಿಟ್ಟ ಒಂದು ಬೆಸುಗೆ ಆಗ ತೆರೆದುಕೊಳ್ಳುತ್ತಿತ್ತು. ಬೋರ್ಡನ್ನು ಕೈಯಲ್ಲಿ ಹಿಡಿದು ಮೆಲ್ಲಗೆ ಬಗ್ಗಿಸುತ್ತಾ ಕೀ ಒತ್ತಿದಾಗ ಗುಟ್ಟು ಬಯಲಾಯಿತು. ಆ ಬೆಸುಗೆ ಮತ್ತೆ ಕರಗಿಸಿದ ಮೇಲೆ ಫೋಮ್ ಇದ್ದರೂ ಕೀ ಸರಿಯಾಗಿ ಬಂತು. ಬಿಟ್ಟು ಬಿಟ್ಟು ಬರುವ ದೋಷವಿದ್ದರೆ ಹೀಗೆ ಮೆಲ್ಲಗೆ ಬಗ್ಗಿಸಿ ನೋಡುವುದನ್ನು ಮರೆಯಬೇಡಿ.

ಸಾಲುಗಟ್ಟಲೆ ಹೋದರೆ, ಅಥವಾ ತಾನಾಗಿ ಬರುತ್ತಿದ್ದರೆ

ಒಂದು ಅಡ್ಡಸಾಲು ಅಥವಾ ಉದ್ದಸಾಲು ಪೂರ್ತಿ ಸತ್ತಿದ್ದರೆ ಸ್ವಿಚ್ಚುಗಳನ್ನು ಮುಟ್ಟಬೇಡಿ. ಅಷ್ಟೂ ಸ್ವಿಚ್ ಒಟ್ಟಿಗೆ ಕೆಡುವುದಿಲ್ಲ. ಸಾಲಿನ ಗೆರೆ ಎಲ್ಲೋ ತುಂಡಾಗಿದೆ, ಇಲ್ಲವೇ ಕಂಟ್ರೋಲರ್ ಚಿಪ್ಪಿನ ಒಂದು ಕಾಲಿನ ಬೆಸುಗೆ ಬಿಟ್ಟಿದೆ. ಒಳಗಿನ ಸರ್ಕ್ಯೂಟ್ ಬೋರ್ಡನ್ನು ಎರಡು ಭಾಗವಾಗಿ ಮಾಡಿರುವ ಕೀಬೋರ್ಡುಗಳಲ್ಲಿ ನಡುವಿನ ಪಟ್ಟಿಕೇಬಲ್ ಸಡಿಲವಾಗಿರಬಹುದು, ಅದನ್ನು ಮೊದಲು ಒತ್ತಿ ನೋಡಿ.

ಯಾರೂ ಮುಟ್ಟದೆ ಒಂದು ಅಕ್ಷರ ಸುರಿಯುತ್ತಲೇ ಇದ್ದರೆ ಆ ಜಾಗದ ಸ್ವಿಚ್ ಕಿತ್ತುಬಿಡಿ. ನಿಂತರೆ ಸ್ವಿಚ್ಚಿನ ತಗಡು ಅಂಟಿಕೊಂಡಿದೆ. ನಿಲ್ಲದಿದ್ದರೆ ಬೋರ್ಡಿನ ಮೇಲೆ ಏನೋ ಎರಡು ಕಡೆಗೆ ತಾಗುತ್ತಿದೆ. ಸೋಲ್ಡರಿನ ಸಣ್ಣ ಗುಂಡೋ, ಮುರಿದ ಪಿನ್ನೋ, ಇಲ್ಲ ಚೆಲ್ಲಿದ ಚಹಾವೋ ಇರಬಹುದು. ಸಕ್ಕರೆ ಹಾಕಿದ ಚಹಾ, ಕಾಫಿ ಚೆಲ್ಲಿದ್ದರೆ ಒಣಗಲು ಬಿಟ್ಟರೆ ಸಾಲದು. ಬ್ಯಾಟರಿ ಬಿಡಿಸಿ, ಎಲ್ಲ ಸ್ವಿಚ್ ಕಿತ್ತು, ಬೋರ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ಮೆತ್ತನೆಯ ಬ್ರಶ್ಶಿನಿಂದ ತೊಳೆಯಿರಿ. ಗಾಳಿಯಾಡುವ ಕೋಣೆಯಲ್ಲಿ, ಬೆಂಕಿಯಿಂದ ದೂರ.

ಸ್ಪೇಸ್, ಎಂಟರ್, ಶಿಫ್ಟ್, ಬ್ಯಾಕ್‌ಸ್ಪೇಸ್ ಇವುಗಳಲ್ಲಿ ತೊಂದರೆ ಬಂದರೆ ಕ್ಯಾಪ್ ತೆಗೆದು ಬರೀ ಸ್ವಿಚ್ಚನ್ನು ಒತ್ತಿ ನೋಡಿ. ಆಗ ಸರಿಯಾಗಿ ಬಂದರೆ ತಪ್ಪು ಸ್ಟೆಬಿಲೈಸರಿನದು, ಅಂದರೆ ಉದ್ದ ಕೀ ಓಲದಂತೆ ಎರಡೂ ತುದಿ ಹಿಡಿಯುವ ತಂತಿಯ ಜೋಡಣೆಯದು. ತಂತಿ ಕೊಕ್ಕೆಯಿಂದ ಜಾರಿದೆ ಅಥವಾ ಗ್ರೀಸು ಜಾಸ್ತಿಯಾಗಿ ಕೀ ಮೇಲೇಳಲು ಒದ್ದಾಡುತ್ತಿದೆ.

ಹೊಸ ಸ್ವಿಚ್ ಕೂರುತ್ತಿಲ್ಲ ಅಂದರೆ

ಒತ್ತಾಯ ಮಾಡಬೇಡಿ, ಮೊದಲು ಜಾತಿ ನೋಡಿ. ಕೆಲವು ಸ್ವಿಚ್ಚುಗಳಿಗೆ ಎರಡು ಲೋಹದ ಪಿನ್ ಮತ್ತು ನಡುವೆ ಪ್ಲಾಸ್ಟಿಕ್ ಗೂಟ ಇರುತ್ತದೆ, ಇವು 3 ಪಿನ್. ಇನ್ನು ಕೆಲವಕ್ಕೆ ಅಕ್ಕಪಕ್ಕ ಎರಡು ಪ್ಲಾಸ್ಟಿಕ್ ಕಾಲು ಹೆಚ್ಚಿಗೆ ಇರುತ್ತವೆ, ಇವು 5 ಪಿನ್. ಬೋರ್ಡಿನಲ್ಲಿ ಆ ಕಾಲುಗಳಿಗೆ ತೂತಿಲ್ಲದಿದ್ದರೆ ಉಗುರು ಕತ್ತರಿಯಿಂದ ಕಾಲುಗಳನ್ನು ಬುಡದ ಮಟ್ಟಕ್ಕೆ ಕತ್ತರಿಸಿ. ಲೋಹದ ಪಿನ್ ಮುಟ್ಟಬೇಡಿ.

ಅಗ್ಗದ ಕೆಲವು ಬೋರ್ಡುಗಳಲ್ಲಿ ಔಟೆಮು ಮಾದರಿಯ ಕಿರಿದಾದ ತೂತಿನ ಸಾಕೆಟ್ಟು ಇರುತ್ತದೆ. ಅವು ತೆಳು ಪಿನ್ನಿನ ಔಟೆಮು ಸ್ವಿಚ್ಚುಗಳಿಗೆಂದೇ ಮಾಡಿದವು. ಚೆರ್ರಿ, ಗೇಟರಾನ್, ಕೈಲ್ ಸ್ವಿಚ್ಚುಗಳ ಪಿನ್ ಅಗಲ, ತುರುಕಿದರೆ ಸಾಕೆಟ್ ಹಾಳಾಗುತ್ತದೆ. ಕೊಳ್ಳುವ ಮೊದಲು ಇದನ್ನು ವಿಚಾರಿಸಿಯೇ ಕೊಳ್ಳಿ. ಬೆಳಕಿನಿಂದ ಕೆಲಸ ಮಾಡುವ ಆಪ್ಟಿಕಲ್ ಸ್ವಿಚ್, ಅಯಸ್ಕಾಂತದ ಹಾಲ್ ಎಫೆಕ್ಟ್ ಸ್ವಿಚ್, ಕುಳ್ಳಗಿನ ಲೋ ಪ್ರೊಫೈಲ್ ಸ್ವಿಚ್ ಇವುಗಳ ಲೋಕವೇ ಬೇರೆ. ಹೆಚ್ಚಿನ ಆಪ್ಟಿಕಲ್, ಹಾಲ್ ಎಫೆಕ್ಟ್ ಸ್ವಿಚ್ಚುಗಳಿಗೆ ಲೋಹದ ಪಿನ್ನೇ ಇರುವುದಿಲ್ಲ. ಪ್ಲೇಟಿನ 14 ಮಿ.ಮೀ. ಚೌಕದಲ್ಲಿ ಕೂತುಬಿಟ್ಟರೂ ಸಾಮಾನ್ಯ ಬೋರ್ಡಿನಲ್ಲಿ ಅಕ್ಷರ ಬಾರದು.

ಎಲ್ಲ ಮುಗಿದ ಮೇಲೆ, ಕೇಸಿನ ಸ್ಕ್ರೂ ಬಿಗಿಯುವ ಮೊದಲು ಒಂದು ಸಲ ಮತ್ತು ಬಿಗಿದ ಮೇಲೆ ಇನ್ನೊಂದು ಸಲ ಎಲ್ಲ ಕೀಗಳನ್ನೂ ಪರೀಕ್ಷಿಸಿ. ಒಂದು ಕೀ ರಿಪೇರಿ ಮಾಡುವಾಗ ಪಕ್ಕದ್ದರ ಪಿನ್ ಬಗ್ಗಿರಬಹುದು. ಕೀಕ್ಯಾಪ್‌ಗಳನ್ನು ಅದಾದ ಮೇಲೆಯೇ ಹಾಕಿ.